ಫೋಟೋದ ಬೆನ್ನ ಮೇಲೆ ಬರೆದ ಮೇಷ್ಟ್ರು

ದಸರಾಕ್ಕೋ ದೀಪಾವಳಿಗೋ ಅಟ್ಟ ಗುಡಿಸಲು ಹತ್ತಿದಾಗ ಟ್ರಂಕಿನ ತಳದಲ್ಲಿ ಹಳೆಯ ಆಲ್ಬಮ್ ಒಂದು ಕೈಗೆ ಸಿಕ್ಕಿತು ಎನ್ನಿ. ಅಲ್ಲಿಗೆ ಗುಡಿಸುವ ಕೆಲಸ ನಿಂತಿತು! ಕೆಳಗೆ ಒಲೆಯ ಮೇಲೆ ಹಾಲು ಉಕ್ಕಿದರೂ ಪರಿವೆಯಿಲ್ಲ. “ಇದು ಅತ್ತೆಯವರ ಮದುವೆಯದು, ಇದು ದೊಡ್ಡವನ ನಾಮಕರಣದ್ದು, ಇದು ಧರ್ಮಸ್ಥಳಕ್ಕೆ ಹೋದಾಗ ತೆಗೆದದ್ದು...” ಎಂದು ನಿಮ್ಮಷ್ಟಕ್ಕೆ ನೀವೇ ಹೇಳಿಕೊಳ್ಳುತ್ತಾ ಪುಟ ತಿರುಗಿಸುತ್ತೀರಿ. ಅಷ್ಟರಲ್ಲಿ ಒಂದು ಚಿತ್ರದ ಮೇಲೆ ಬೆರಳು ನಿಲ್ಲುತ್ತದೆ. ಎರಡು ಜಡೆ ಹಾಕಿಕೊಂಡ ಒಬ್ಬ ಹುಡುಗಿ, ಕೈಯಲ್ಲಿ ಹಿತ್ತಾಳೆಯ ತಂಬಿಗೆ. ಯಾರಿವಳು? ಚಿತ್ರ ಬಿಡಿಸಿ ಹಿಂದೆ ನೋಡಿದರೆ ಖಾಲಿ. ಹೇಳಬಲ್ಲ ಹಿರಿಯರೂ ಈಗ ಇಲ್ಲ. ಮುಖ ಉಳಿಯಿತು, ಮನುಷ್ಯರು ಕಳೆದುಹೋದರು!

ಇವತ್ತು ನಾನು ಹೇಳಹೊರಟಿರುವುದು, ಫೋಟೋದ ಬೆನ್ನನ್ನು ಖಾಲಿ ಬಿಡಲು ಒಪ್ಪದ ಒಬ್ಬ ಮೇಷ್ಟ್ರ ಕತೆಯನ್ನು. ನಮ್ಮೂರ ಮೇಷ್ಟ್ರಲ್ಲ, ದೂರದ ಅಮೆರಿಕದವರು. ಹೆಸರು ಲೂಯಿಸ್ ಹೈನ್. ಕತೆ ನಡೆದದ್ದೂ ನೂರು ವರ್ಷಗಳಾಚೆ. “ಎಲ್ಲಿಯದೋ ದೂರದ ಮಾತು ನಮಗೇಕೆ?” ಎಂದು ಪುಟ ತಿರುವಿಬಿಡಬೇಡಿ. ಈ ಕತೆ ಶಾಲೆಯಲ್ಲಿ ಶುರುವಾಗಿ ಕಾರ್ಖಾನೆಗೆ ಹೋಗಿ, ನಡುವೆ ಒಮ್ಮೆ ಅಡುಗೆಮನೆಯ ಮೇಜಿನ ಬಳಿಗೂ ಬರುತ್ತದೆ.

ಕಾರ್ಖಾನೆಯಿಂದ ಕರಿಹಲಗೆಗೆ

ಹೈನ್ ಹುಟ್ಟಿದ್ದು 1874ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಎಂಬ ಊರಿನಲ್ಲಿ. 1892ರಲ್ಲಿ ತಂದೆ ಅಪಘಾತವೊಂದರಲ್ಲಿ ತೀರಿಕೊಂಡರು. ಮನೆಯಲ್ಲಿ ದುಡಿಯುವವರು ಹೋದರೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟು ತುಂಬುವ ಹುಡುಗ ಕುರ್ಚಿ ಮೇಜು ಮಾಡುವ ಕಾರ್ಖಾನೆಗೆ ಸೇರಿದ. ದಿನಕ್ಕೆ 13 ಗಂಟೆ, ವಾರಕ್ಕೆ ಆರು ದಿನ ದುಡಿತ. ವಾರದ ಕೂಲಿ 4 ಡಾಲರ್. ಮೈ ಮುರಿಯುವ ಕೆಲಸ ಎಂದರೇನು ಎಂಬ ಪಾಠವನ್ನು ಈ ಮೇಷ್ಟ್ರು ಪುಸ್ತಕದಿಂದ ಕಲಿಯಲಿಲ್ಲ, ನೋಡಿ.

ಸಿಕ್ಕ ಸಿಕ್ಕ ಕೆಲಸ ಮಾಡುತ್ತಲೇ ಓದಿನ ಆಸೆ ಬಿಡದ ಈ ಹುಡುಗನಿಗೆ, ಊರಿನ ಶಿಕ್ಷಕರ ತರಬೇತಿ ಶಾಲೆಯ ಫ್ರ್ಯಾಂಕ್ ಮ್ಯಾನಿ ಎಂಬ ಅಧ್ಯಾಪಕರ ಪರಿಚಯವಾಯಿತು. “ನೀನು ಮೇಷ್ಟ್ರಾಗು” ಎಂದು ಅವರು ಹುರಿದುಂಬಿಸಿದರು. ಮುಂದೆ ಮ್ಯಾನಿಯವರು ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಸ್ಕೂಲಿಗೆ ಮುಖ್ಯಸ್ಥರಾಗಿ ಹೋದಾಗ, 1901ರಲ್ಲಿ ಹೈನ್‌ರನ್ನೂ ಅಲ್ಲಿಗೆ ಕರೆಸಿಕೊಂಡರು. ಹೈನ್ ಮೇಷ್ಟ್ರು ಮಕ್ಕಳಿಗೆ ಹೇಳಿಕೊಡುತ್ತಿದ್ದುದು ಭೂಗೋಳ ಮತ್ತು ಪ್ರಕೃತಿ ಪಾಠ. 1904ರಲ್ಲಿ ತಮ್ಮೂರಿನ ಸಾರಾ ರಿಚ್ ಎಂಬುವರನ್ನು ಮದುವೆಯಾದರು. ಕೈಗೊಂದು ಕೆಲಸ, ಮನೆಗೊಂದು ಹೆಂಡತಿ, ತಿಂಗಳು ತುಂಬಿದರೆ ಸಂಬಳ. ಇನ್ನೇನು ಬೇಕು? ಬದುಕು ದಡ ಸೇರಿತು ಎಂದು ಯಾರಾದರೂ ಅಂದುಕೊಳ್ಳಬೇಕು.

ಪಾಠಕ್ಕೆಂದು ಬಂದ ಕ್ಯಾಮೆರಾ

ಆ ಹೊತ್ತಿಗೇ ಕ್ಯಾಮೆರಾ ಕೈಗೆ ಬಂತು. ಅದೂ ತಾನಾಗಿ ಆಸೆಪಟ್ಟು ಕೊಂಡದ್ದಲ್ಲ. ಶಾಲೆಯ ಚಟುವಟಿಕೆಗಳ ಚಿತ್ರ ತೆಗೆದರೆ ಪಾಠಕ್ಕೆ ಅನುಕೂಲ ಎಂಬುದು ಮ್ಯಾನಿಯವರ ಯೋಚನೆ. ಆವರೆಗೆ ಫೋಟೋ ಕೆಲಸದ ಗಂಧವೂ ಇಲ್ಲದ ಹೈನ್, ಮೂವತ್ತರ ಹೊಸ್ತಿಲಲ್ಲಿ ಅ ಆ ಇ ಈ ಎಂದು ಕಲಿಯತೊಡಗಿದರು. “ಈ ವಯಸ್ಸಿನಲ್ಲಿ ಇನ್ನೇನು ಕಲಿಯೋದು ಬಿಡಿ” ಎಂದು ಹೇಳುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಮೇಷ್ಟ್ರು ಆ ಮಾತು ಕೇಳಿದ್ದರೆ ಇವತ್ತು ನಾವು ಅವರ ಹೆಸರು ಹೇಳುತ್ತಿರಲಿಲ್ಲ.

ಆಗಿನ ಕ್ಯಾಮೆರಾ ಎಂದರೆ ನಿಮ್ಮ ಅಂಗೈಯ ಮೊಬೈಲ್ ಫೋನ್ ಅಲ್ಲ! ಮರದ ಪೆಟ್ಟಿಗೆ, ಅದಕ್ಕೆ ಮೂರು ಕಾಲಿನ ಸ್ಟ್ಯಾಂಡು, ಐದಿಂಚು ಏಳಿಂಚಿನ ಗಾಜಿನ ಫಲಕಗಳು. ಒಂದು ಚಿತ್ರಕ್ಕೆ ಒಂದು ಫಲಕ. ಕತ್ತಲೆಯಿದ್ದರೆ ತಟ್ಟೆಯಲ್ಲಿ ಪುಡಿ ಹಾಕಿ ಬೆಂಕಿ ತಗುಲಿಸಬೇಕು. ಭಗ್ಗೆಂದು ಬೆಳಕು, ಹಿಂದೆಯೇ ಕೋಣೆ ತುಂಬ ಹೊಗೆ. ಎದುರಿಗಿದ್ದವರು ಕಣ್ಣು ಮುಚ್ಚಿದರೆ ಮುಗಿಯಿತು, ಆ ಫಲಕ ದಂಡ. ಗಾಜು ಒಡೆಯದಂತೆ ಈ ಹೊರೆಯನ್ನೆಲ್ಲ ಹೊತ್ತು ತಿರುಗಬೇಕು.

1904ರಿಂದ ಮೇಷ್ಟ್ರು ಈ ಹೊರೆಯೊಂದಿಗೆ ಎಲ್ಲಿಸ್ ದ್ವೀಪಕ್ಕೆ ಹೋಗತೊಡಗಿದರು. ನ್ಯೂಯಾರ್ಕ್ ಬಂದರಿನ ಈ ಪುಟ್ಟ ದ್ವೀಪದಲ್ಲಿ ಯೂರೋಪಿನಿಂದ ಹಡಗಿನಲ್ಲಿ ಬಂದಿಳಿದ ಬಡ ವಲಸೆಗಾರರ ತಪಾಸಣೆ ನಡೆಯುತ್ತಿತ್ತು. 1907ನೇ ಇಸವಿಯೊಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಆ ಬಾಗಿಲಿನಿಂದ ಒಳಬಂದರು. ಗಂಟುಮೂಟೆ, ತಲೆವಸ್ತ್ರ, ಕಂಕುಳಲ್ಲಿ ಕೂಸು, ಅರ್ಥವಾಗದ ಭಾಷೆ. ಅಮೆರಿಕದ ಊರವರಿಗೆ ಇವರೆಂದರೆ ತಾತ್ಸಾರ. ಆದರೆ ಮ್ಯಾನಿಯವರಿಗೂ ಹೈನ್ ಮೇಷ್ಟ್ರಿಗೂ ಇದ್ದ ಉದ್ದೇಶವೇ ಬೇರೆ. ಮುನ್ನೂರು ವರ್ಷಗಳ ಹಿಂದೆ ಹಡಗಿನಲ್ಲಿ ಬಂದ ಪೂರ್ವಜರನ್ನು ಪಾಠದಲ್ಲಿ ಓದಿ ಕೈಮುಗಿಯುವ ಮಕ್ಕಳು, ನಿನ್ನೆ ಮೊನ್ನೆ ಬಂದಿಳಿದವರನ್ನೂ ಅದೇ ಗೌರವದಿಂದ ನೋಡಬೇಕು.

ಭಾಷೆ ಬಾರದವರ ಎದುರು ಮೇಷ್ಟ್ರು ಕೈಸನ್ನೆ ಮಾಡಿ ನಿಲ್ಲಿಸುತ್ತಿದ್ದರು. ನೂಕುನುಗ್ಗಲಿನ ನಡುವೆ ಸ್ಟ್ಯಾಂಡು ನಿಲ್ಲಿಸಿ, ಪುಡಿ ಹೊತ್ತಿಸಿ, ಒಂದೇ ಒಂದು ಚಿತ್ರ ತೆಗೆಯುವಷ್ಟರಲ್ಲಿ ಬೆವರಿಳಿಯುತ್ತಿತ್ತು. 1909ರವರೆಗೆ ಹೀಗೆ ಸುಮಾರು 200 ಚಿತ್ರಗಳಾದವು. ಶಾಲೆಯಲ್ಲಿ ಮಕ್ಕಳಿಗೆ ಕ್ಯಾಮೆರಾ ಕಲಿಸಲು ಸಂಘ ಮಾಡಿದರು. ಆ ಮಕ್ಕಳಲ್ಲಿ ಪಾಲ್ ಸ್ಟ್ರ್ಯಾಂಡ್ ಎಂಬ ಹುಡುಗನೂ ಇದ್ದ. ಮುಂದೆ ಇಪ್ಪತ್ತನೆಯ ಶತಮಾನದ ದೊಡ್ಡ ಛಾಯಾಗ್ರಾಹಕರಲ್ಲಿ ಒಬ್ಬನಾದ ಅವನಿಗೆ ಮೊದಲು ಕ್ಯಾಮೆರಾ ಹಿಡಿಯಲು ಕಲಿಸಿದವರು ಈ ಭೂಗೋಳದ ಮೇಷ್ಟ್ರು.

ಸಂಬಳವೋ, ಹಿಡಿದ ಹುಚ್ಚೋ?

ಹುಚ್ಚು ಹಿಡಿಯಿತೆಂದರೆ ಹಾಗೇ, ಅಲ್ಲವೇ? ಹಗಲು ಪಾಠ, ಬಿಡುವಿನಲ್ಲಿ ಕ್ಯಾಮೆರಾ. ಮೊದಮೊದಲು ಬಿಡುವಿನಲ್ಲಿದ್ದುದು ಆಮೇಲಾಮೇಲೆ ಮನಸ್ಸು ತುಂಬಿಕೊಂಡಿತು. ಸಮಾಜಸೇವೆಯ ಪತ್ರಿಕೆಗಳು, ಸಂಸ್ಥೆಗಳು ಬಿಡಿಬಿಡಿಯಾಗಿ ಕೆಲಸ ಕೊಡತೊಡಗಿದವು. ಇಂಥವುಗಳಲ್ಲಿ ಒಂದು, ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿ. 1904ರಲ್ಲಿ ಶುರುವಾದ ಈ ಸಮಿತಿಯ ಅಧ್ಯಕ್ಷರು ಫೆಲಿಕ್ಸ್ ಆಡ್ಲರ್. ಹೈನ್ ಪಾಠ ಹೇಳುತ್ತಿದ್ದ ಶಾಲೆಯನ್ನು ಹುಟ್ಟುಹಾಕಿದವರೂ ಅವರೇ.

ಸಮಿತಿಯ ಕೆಲಸ ಸುಲಭದ್ದಾಗಿರಲಿಲ್ಲ. 1900ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಹತ್ತರಿಂದ ಹದಿನೈದು ವರ್ಷದೊಳಗಿನ ಹದಿನೇಳೂವರೆ ಲಕ್ಷ ಮಕ್ಕಳು ದುಡಿಮೆಯಲ್ಲಿದ್ದರು. ಹತ್ತಕ್ಕಿಂತ ಚಿಕ್ಕವರು ಆ ಲೆಕ್ಕಕ್ಕೇ ಬಂದಿರಲಿಲ್ಲ. ಕೇಳಿದರೆ ಮಾಲೀಕರ ಉತ್ತರ ಸಿದ್ಧವಿತ್ತು: “ಎಲ್ಲಿದ್ದಾರೆ ಸಣ್ಣ ಮಕ್ಕಳು? ಅವ್ವನಿಗೆ ಊಟ ತಂದುಕೊಡಲು ಬಂದವರಿರಬೇಕು.” ಬರಿಯ ವರದಿ ಓದಿ ಯಾರು ನಂಬುತ್ತಾರೆ? ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು.

1908ರಲ್ಲಿ ಹೈನ್ ಮೇಷ್ಟ್ರು ಶಾಲೆ ಬಿಟ್ಟು ಸಮಿತಿಯ ಪೂರ್ತಿ ಹೊತ್ತಿನ ಛಾಯಾಗ್ರಾಹಕರಾದರು. ಆಗ ಅವರಿಗೆ ಮೂವತ್ತನಾಲ್ಕರ ಆಸುಪಾಸು. ನೆಮ್ಮದಿಯ ಶಾಲೆಯ ಕೆಲಸ ಬಿಟ್ಟು ಊರೂರು ಅಲೆಯುವ ಕೆಲಸ! ಗಂಡ ಮನೆಗೆ ಬಂದು ಹೀಗೆ ಹೇಳಿದರೆ ನೀವಾದರೂ ಏನನ್ನುತ್ತೀರಿ? ಹೈನ್‌ರ ಮಟ್ಟಿಗೆ ಮಾತ್ರ ಮೇಷ್ಟ್ರ ಕೆಲಸ ಬಿಟ್ಟಂತೆ ಆಗಿರಲೇ ಇಲ್ಲ. ತರಗತಿ ದೊಡ್ಡದಾಯಿತು, ಅಷ್ಟೇ.

ಕೋಟಿನ ಗುಂಡಿಯೇ ಅಳತೆಗೋಲು

ದಕ್ಷಿಣದ ಹತ್ತಿ ಗಿರಣಿಗಳು, ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳು, ಇಂಡಿಯಾನಾದ ಗಾಜಿನ ಕಾರ್ಖಾನೆಗಳು, ಕಡಲ ತೀರದಲ್ಲಿ ಸಿಂಪಿಯ ಮಾಂಸ ಬಿಡಿಸುವ ಶೆಡ್ಡುಗಳು... ಮೇಷ್ಟ್ರು ಹೋಗದ ಕಡೆಯಿಲ್ಲ. ಬಾಗಿಲಲ್ಲೇ ತಡೆಯುವವರು ಇದ್ದೇ ಇರುತ್ತಿದ್ದರು. ಅದಕ್ಕೆ ಮೇಷ್ಟ್ರು ಒಂದೊಂದು ಕಡೆ ಒಂದೊಂದು ವೇಷ ಕಟ್ಟುತ್ತಿದ್ದರು. ಒಂದು ಕಡೆ ಬೆಂಕಿ ಅನಾಹುತದ ಇನ್ಸ್‌ಪೆಕ್ಟರ್, ಇನ್ನೊಂದು ಕಡೆ ಬೈಬಲ್ ಮಾರುವವರು, ಮತ್ತೊಂದು ಕಡೆ ಯಂತ್ರಗಳ ಚಿತ್ರ ತೆಗೆಯಲು ಬಂದ ಫೋಟೋದವರು. “ಯಂತ್ರ ಎಷ್ಟು ದೊಡ್ಡದೆಂದು ಗೊತ್ತಾಗಬೇಕಲ್ಲ, ಪಕ್ಕದಲ್ಲೊಂದು ಮಗು ನಿಲ್ಲಲಿ” ಎಂದರೆ ಮುಗಿಯಿತು!

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬರಿಯ ಚಿತ್ರ ತೆಗೆದು ಬಂದಿದ್ದರೆ ಮಾಲೀಕರು, “ಈ ಹುಡುಗಿಗೆ ಹದಿನಾಲ್ಕು ವರ್ಷ, ನೋಡಲು ಸಣ್ಣಗಿದ್ದಾಳೆ” ಎಂದು ನುಣುಚಿಕೊಳ್ಳುತ್ತಿದ್ದರು. ಆದರೆ ಬಂದವರು ಮೇಷ್ಟ್ರು. ಹಾಜರಿ ಪುಸ್ತಕ ಬರೆದು ಪಳಗಿದ ಕೈ. ತಮ್ಮ ಕೋಟಿನ ಪ್ರತಿಯೊಂದು ಗುಂಡಿಯೂ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಮೊದಲೇ ಅಳೆದಿಟ್ಟುಕೊಂಡಿದ್ದರು. ಮಗು ಹತ್ತಿರ ಬಂದು ನಿಂತರೆ ತಲೆ ಯಾವ ಗುಂಡಿಗೆ ಬಂತೆಂದು ನೋಡಿದರೆ ಸಾಕು, ಎತ್ತರ ಸಿಕ್ಕಿತು. ಜೇಬಿನೊಳಗೆ ಪುಟ್ಟ ಪುಸ್ತಕ, ತುಂಡು ಪೆನ್ಸಿಲ್. ಮಾತನಾಡುತ್ತಲೇ ಜೇಬಿನೊಳಗೇ ಕೈಯಿಟ್ಟು ಬರೆದುಕೊಳ್ಳುತ್ತಿದ್ದರು. ಹೆಸರು, ವಯಸ್ಸು, ಕೆಲಸಕ್ಕೆ ಸೇರಿ ಎಷ್ಟು ದಿನ, ಎಷ್ಟು ಕೂಲಿ. ಸಾಧ್ಯವಾದಲ್ಲಿ ಮಕ್ಕಳ ಮನೆಗೇ ಹೋಗಿ, ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟ ಹುಟ್ಟಿದ ದಿನವನ್ನೂ ನೋಡಿ ಬರುತ್ತಿದ್ದರು.

ದಕ್ಷಿಣ ಕ್ಯಾರೊಲಿನಾದ ಗಿರಣಿಯೊಂದರಲ್ಲಿ 1908ರ ನವೆಂಬರ್ 30ರಂದು ತೆಗೆದ ಚಿತ್ರವೊಂದಿದೆ. ಉದ್ದನೆಯ ಯಂತ್ರದ ಪಕ್ಕದಲ್ಲಿ ಒಬ್ಬಳು ಪುಟ್ಟ ಹುಡುಗಿ. ಟಿಪ್ಪಣಿಯ ಪ್ರಕಾರ ಎತ್ತರ 48 ಇಂಚು, ಗಿರಣಿ ಸೇರಿ ಅರ್ಧ ವರ್ಷ. ನಲವತ್ತೆಂಟು ಇಂಚೆಂದರೆ ನಾಲ್ಕು ಅಡಿ. ನಿಮ್ಮ ಮನೆಯ ಎರಡನೆಯ ಕ್ಲಾಸಿನ ಮಗುವನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದು ನೋಡಿ. ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಉತ್ತರ ಕ್ಯಾರೊಲಿನಾದ ಇನ್ನೊಂದು ಗಿರಣಿ. ಅಲ್ಲಿಯ ಹುಡುಗಿ 51 ಇಂಚು. ಕೆಲಸಕ್ಕೆ ಸೇರಿ ಒಂದು ವರ್ಷ, ಕೆಲವೊಮ್ಮೆ ರಾತ್ರಿ ಪಾಳಿ, ದಿನಗೂಲಿ 48 ಸೆಂಟು, ಎಂದರೆ ಅರ್ಧ ಡಾಲರಿಗೂ ಕಡಿಮೆ. ವಯಸ್ಸು ಕೇಳಿದಾಗ ಮೊದಲು ತಡವರಿಸಿ ನೆನಪಿಲ್ಲ ಎಂದಳಂತೆ. ಆಮೇಲೆ ಗುಟ್ಟಿನಲ್ಲಿ, ಕೆಲಸಕ್ಕೆ ಬೇಕಾದಷ್ಟು ವಯಸ್ಸು ತನಗಾಗಿಲ್ಲ, ಆದರೂ ಮಾಡುತ್ತೇನೆ ಎಂದಳಂತೆ. ಮೇಷ್ಟ್ರು ಇದನ್ನೂ ಬರೆದಿಟ್ಟರು. ಆ ಚಿತ್ರ ನೋಡಿದರೆ ಕಿಟಕಿಯ ಬೆಳಕು, ಸಾಲು ಸಾಲು ಕದಿರು, ಒಂದು ಪುಟ್ಟ ಮುಖ ಕಾಣುತ್ತದೆ. ಟಿಪ್ಪಣಿ ಓದಿದ ಮೇಲೆ ಮತ್ತೊಮ್ಮೆ ನೋಡಿ. ಸಣ್ಣ ಕೊರಳೊಂದು ಪಿಸುಗುಟ್ಟಿದ್ದು ಕೇಳಿಸುತ್ತದೆ.

ಕೆಲಸದಲ್ಲಿ ಮೇಷ್ಟ್ರು ಬಲು ನಿಷ್ಠುರ. ಚಿತ್ರ ತಿದ್ದುವಂತಿಲ್ಲ, ಸುಳ್ಳು ಸೇರಿಸುವಂತಿಲ್ಲ. ಒಂದು ಚಿತ್ರ ಸುಳ್ಳೆಂದು ಎದುರಾಳಿಗಳು ತೋರಿಸಿಕೊಟ್ಟರೆ ಉಳಿದ ನೂರೂ ಸುಳ್ಳಾಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

ಅಡುಗೆಮನೆಯ ಮೇಜಿನ ಮೇಲೆ

ಮಕ್ಕಳ ದುಡಿಮೆ ಎಂದರೆ ಗಿರಣಿ, ಗಣಿ ಮಾತ್ರ ಎಂದುಕೊಳ್ಳಬೇಡಿ. ನ್ಯೂಯಾರ್ಕಿನ ವಠಾರಗಳಲ್ಲಿ ಮನೆಯೇ ಕಾರ್ಖಾನೆಯಾಗಿತ್ತು. ಗುತ್ತಿಗೆದಾರರು ಮೂಟೆ ತಂದಿಳಿಸುವರು. ಕಾಗದ, ಬಟ್ಟೆಯ ಹೂ ಕಟ್ಟುವುದು, ಹೊಲಿಗೆಯ ಚೂರುಪಾರು ಮುಗಿಸುವುದು, ಗಟ್ಟಿ ಸಿಪ್ಪೆಯ ಬೀಜ ಒಡೆದು ತಿರುಳು ಬಿಡಿಸುವುದು. ಅಡುಗೆಯ ಮೇಜಿನ ಸುತ್ತ ತಾಯಿ, ಅಜ್ಜಿ, ಮೂರು ನಾಲ್ಕು ಮಕ್ಕಳು. ತಾಯಿಯ ತೊಡೆಯ ಮೇಲೆ ಹಾಲುಗೂಸು. ಶಾಲೆಯಿಂದ ಬಂದ ಮಕ್ಕಳು ಚೀಲ ಇಟ್ಟು ನೇರ ಮೇಜಿಗೆ.

1911ರ ಡಿಸೆಂಬರಿನಲ್ಲಿ ತೆಗೆದ ಅಂಥದೊಂದು ಚಿತ್ರದ ಟಿಪ್ಪಣಿ ಓದಿದರೆ ಗೃಹಿಣಿಯರಾದ ನಿಮಗೆ ಮೈ ಜುಮ್ಮೆನ್ನುತ್ತದೆ. ನೆಲಮಟ್ಟದ ಕೊಳಕು ಕೋಣೆ. ತಾಯಿಗೆ ನೆಗಡಿ, ಮತ್ತೆ ಮತ್ತೆ ಮೂಗು ಒರೆಸಿಕೊಳ್ಳುತ್ತಾಳೆ, ಕೈ ತೊಳೆಯುವುದಿಲ್ಲ. ಕರವಸ್ತ್ರ ಬೀಜದ ರಾಶಿಯ ಪಕ್ಕದಲ್ಲೇ ಬಿದ್ದಿದೆ. ಮಕ್ಕಳು ಅಲ್ಲೇ ಉಣ್ಣುತ್ತಾ ಅದೇ ಬೀಜ ಕೈಯಾಡಿಸುತ್ತಾರೆ. ಆ ತಿರುಳು ಹೋಗುತ್ತಿದ್ದುದು ಪೇಟೆಗೆ, ಅಲ್ಲಿಂದ ಉಳ್ಳವರ ಮನೆಯ ಸಿಹಿ ತಟ್ಟೆಗೆ! ಆ ತಾಯಿಯನ್ನು ಹಳಿಯಬೇಕೆ? ಹೊಟ್ಟೆಗಿಲ್ಲದೆ ಕೂಸು ಕಟ್ಟಿಕೊಂಡು ದುಡಿಯುವವಳಿಗೆ ಕೈ ತೊಳೆಯಲು ಬಿಡುವೆಲ್ಲಿ? ಆದರೆ ಈ ಚಿತ್ರ ಪೇಟೆಯ ಗೃಹಿಣಿಗೆ ಒಂದು ಮಾತು ಹೇಳುತ್ತಿತ್ತು: ಅಮ್ಮಾ, ಆ ಮನೆಯ ಮೇಜಿಗೂ ನಿನ್ನ ಮನೆಯ ಮೇಜಿಗೂ ಬಹಳ ದೂರವಿಲ್ಲ.

ಈ ಮಾತನ್ನು ಚೆನ್ನಾಗಿ ಅರಿತವರು ಫ್ಲಾರೆನ್ಸ್ ಕೆಲ್ಲಿ ಎಂಬ ಮಹಿಳೆ. 1899ರಿಂದ ಅವರು ರಾಷ್ಟ್ರೀಯ ಗ್ರಾಹಕರ ಸಂಘದ ಕಾರ್ಯದರ್ಶಿ. ಮಕ್ಕಳನ್ನು ದುಡಿಸದೆ ಶುಚಿಯಾದ ಕಡೆ ಹೊಲಿದ ಬಟ್ಟೆಗೆ ಆ ಸಂಘ ಒಂದು ಬಿಳಿಯ ಚೀಟಿ ಅಂಟಿಸುತ್ತಿತ್ತು. ಗೃಹಿಣಿಯರೇ, ಕೊಳ್ಳುವಾಗ ಆ ಚೀಟಿ ನೋಡಿ ಕೊಳ್ಳಿ ಎಂಬುದು ಅವರ ಕರೆ. ಆಗ ಅಮೆರಿಕದ ಬಹುಪಾಲು ಹೆಂಗಸರಿಗೆ ವೋಟು ಇರಲಿಲ್ಲ. ಆದರೆ ಕೈಯಲ್ಲಿ ಮನೆಖರ್ಚಿನ ದುಡ್ಡಿತ್ತು. ಅದೂ ಒಂದು ವೋಟೇ, ಅಲ್ಲವೇ?

ಚಿತ್ರ ಓಡಿತು, ಕಾನೂನು ತೆವಳಿತು

ಮೇಷ್ಟ್ರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಗೋಡೆಯ ಮೇಲೆ ಬಂದವು, ಪರದೆಯ ಮೇಲೆ ಬಂದವು. ಹೋದಲ್ಲೆಲ್ಲ ಮೇಷ್ಟ್ರು ಚಿತ್ರ ತೋರಿಸಿ ಭಾಷಣವನ್ನೂ ಮಾಡಿದರು. ಪೆನ್ಸಿಲ್ವೇನಿಯಾದಲ್ಲಿ 1911ರಲ್ಲಿ ತೆಗೆದ ಚಿತ್ರದಲ್ಲಿ ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಹುಡುಗರು ಸಾಲಾಗಿ ಬಾಗಿ ಕುಳಿತಿದ್ದಾರೆ. ಮುಖಗಳೆಲ್ಲ ಮಸಿ. ಇಂಥ ಚಿತ್ರ ನೋಡಿದವರು “ಹೀಗೂ ಉಂಟೇ?” ಎಂದು ಕೇಳುವುದನ್ನು ಬಿಟ್ಟು “ಇದು ನಿಲ್ಲುವುದು ಯಾವಾಗ?” ಎಂದು ಕೇಳತೊಡಗಿದರು.

1912ರಲ್ಲಿ ಅಮೆರಿಕದ ಸರ್ಕಾರ ಮಕ್ಕಳಿಗಾಗಿಯೇ ಒಂದು ಇಲಾಖೆ ತೆರೆದು ಜೂಲಿಯಾ ಲಾತ್ರಾಪ್ ಎಂಬ ಮಹಿಳೆಯನ್ನು ಅದರ ಮುಖ್ಯಸ್ಥೆಯನ್ನಾಗಿ ನೇಮಿಸಿತು. ಅಂಥ ಹುದ್ದೆ ಅಲ್ಲಿಯವರೆಗೆ ಯಾವ ಮಹಿಳೆಗೂ ಸಿಕ್ಕಿರಲಿಲ್ಲ. 1916ರಲ್ಲಿ ಮಕ್ಕಳ ದುಡಿಮೆ ತಡೆಯುವ ಮೊದಲ ರಾಷ್ಟ್ರೀಯ ಕಾನೂನು ಬಂತು. ಗೆದ್ದೆವು ಎಂದುಕೊಳ್ಳುವಷ್ಟರಲ್ಲಿ, 1918ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮತ್ತೆ ಇಪ್ಪತ್ತು ವರ್ಷ ಕಾಯಬೇಕಾಯಿತು. ಕೊನೆಗೆ 1938ರಲ್ಲಿ, ಅಮೆರಿಕದ ಮೊದಲ ಮಹಿಳಾ ಮಂತ್ರಿ ಫ್ರಾನ್ಸಿಸ್ ಪರ್ಕಿನ್ಸ್ ಕಾರ್ಮಿಕ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದಾಗ ಬಂದ ಕಾನೂನು ಭದ್ರವಾಗಿ ನಿಂತಿತು. ಮೇಷ್ಟ್ರು ಶಾಲೆ ಬಿಟ್ಟು ಆಗ ಸರಿಯಾಗಿ ಮೂವತ್ತು ವರ್ಷ. ಗಿರಣಿಯಲ್ಲಿ ಪಿಸುಗುಟ್ಟಿದ ಆ ಹುಡುಗಿಗೆ ಅಷ್ಟು ಹೊತ್ತಿಗೆ ನಲವತ್ತರ ಆಸುಪಾಸು ಆಗಿರಬೇಕು.

ಕಾನೂನು ಬಂದದ್ದು ಬರಿಯ ಚಿತ್ರಗಳಿಂದ ಎಂದರೆ ತಪ್ಪಾಗುತ್ತದೆ. ಅದಕ್ಕೆ ನೂರಾರು ಜನ ಬೆವರು ಸುರಿಸಿದ್ದಾರೆ. ಆದರೆ ಅವರೆಲ್ಲರ ಮಾತಿಗೆ ಸಾಕ್ಷಿ ಒದಗಿಸಿದ್ದು ಮೇಷ್ಟ್ರ ಪೆಟ್ಟಿಗೆ ಮತ್ತು ತುಂಡು ಪೆನ್ಸಿಲ್.

ಮುಸ್ಸಂಜೆಯ ದಿನಗಳು

ಇಲ್ಲಿಗೆ ಕತೆ ನಿಲ್ಲಿಸಿದರೆ ಚೆನ್ನಾಗಿತ್ತು. ಆದರೆ ಪೂರ್ತಿ ಹೇಳದೆ ಬಿಡುವುದು ಸರಿಯಲ್ಲ. 1918ರಲ್ಲಿ ಹೈನ್ ಸಮಿತಿ ಬಿಟ್ಟು ರೆಡ್ ಕ್ರಾಸ್ ಸಂಸ್ಥೆಯ ಜೊತೆ ಯೂರೋಪಿಗೆ ಹೋಗಿ, ಯುದ್ಧದಲ್ಲಿ ನೊಂದವರ ಚಿತ್ರ ತೆಗೆದರು. ಹಿಂದಿರುಗಿದ ಮೇಲೆ, ದುಡಿಯುವ ಕೈಗಳ ನೋವನ್ನಷ್ಟೇ ಅಲ್ಲ, ಹಿರಿಮೆಯನ್ನೂ ತೋರಿಸಬೇಕು ಎಂದುಕೊಂಡರು. 1930ರಲ್ಲಿ, ಐವತ್ತಾರರ ವಯಸ್ಸಿನಲ್ಲಿ, ಏಳುತ್ತಿದ್ದ 102 ಅಂತಸ್ತಿನ ಎಂಪೈರ್ ಸ್ಟೇಟ್ ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ಕೆಲಸಗಾರರ ಜೊತೆ ತಾವೂ ಹತ್ತಿದರು. ಬುಟ್ಟಿಯಲ್ಲಿ ಕುಳಿತು ಆಕಾಶದಲ್ಲಿ ತೂಗಾಡುತ್ತಾ ಚಿತ್ರ ತೆಗೆದರು!

ಆದರೆ ಕಾಲ ಬದಲಾಗಿತ್ತು. ಕೆಲಸ ಸಿಗುವುದು ಕಡಿಮೆಯಾಯಿತು, ಸಾಲ ಬೆಳೆಯಿತು, ಇದ್ದ ಮನೆಯೂ ಕೈಬಿಟ್ಟಿತು. 1939ರ ಆರಂಭದಲ್ಲಿ ಬೆರನೀಸ್ ಆಬಟ್ ಎಂಬ ಛಾಯಾಗ್ರಾಹಕಿ ಮತ್ತು ಎಲಿಜಬೆತ್ ಮೆಕಾಸ್‌ಲಾಂಡ್ ಎಂಬ ಲೇಖಕಿ ಮುತುವರ್ಜಿ ವಹಿಸಿ ಮೇಷ್ಟ್ರ ಚಿತ್ರಗಳ ದೊಡ್ಡ ಪ್ರದರ್ಶನ ಏರ್ಪಡಿಸಿದರು. ಮರೆತವರು ಮತ್ತೆ ನೆನೆದರು. ಆದರೆ ಹೊಗಳಿಕೆಯಿಂದ ಒಲೆ ಉರಿಯುತ್ತದೆಯೇ? ಅದೇ ವರ್ಷದ ಕ್ರಿಸ್‌ಮಸ್ ದಿನ ಪತ್ನಿ ಸಾರಾ ತೀರಿಕೊಂಡರು. 1940ರ ನವೆಂಬರ್ 3ರಂದು ಮೇಷ್ಟ್ರೂ ಹೊರಟುಹೋದರು, ಬಡವರಾಗಿಯೇ. ಅವರ ಅರವತ್ತಾರು ವರ್ಷದ ಬದುಕಿನಲ್ಲಿ ಕ್ಯಾಮೆರಾ ಹಣ ತರಲಿಲ್ಲ. ಹಿಡಿದ ಹುಚ್ಚು ಹೊಟ್ಟೆ ತುಂಬಿಸುತ್ತದೆ ಎಂದು ನಾನು ನಿಮಗೆ ಸುಳ್ಳು ಹೇಳಲಾರೆ.

ಬಾಲಕಾರ್ಮಿಕ ಸಮಿತಿಗಾಗಿ ತೆಗೆದ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳು ಟಿಪ್ಪಣಿಗಳ ಸಮೇತ ಇವತ್ತು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಭದ್ರವಾಗಿವೆ. ನೂರು ವರ್ಷ ಕಳೆದ ಮೇಲೆ ಮೊಮ್ಮಕ್ಕಳು, ಮರಿಮಕ್ಕಳು ಆ ಹೆಸರುಗಳ ಜಾಡು ಹಿಡಿದು, “ಇದು ನಮ್ಮಜ್ಜಿ” ಎಂದು ಗುರುತಿಸಿದ್ದೂ ಉಂಟು. ಹೆಸರು ಬರೆದಿದ್ದರು ತಾನೇ?

ಇನ್ನು ನಿಮ್ಮ ಮಾತು

ಇವತ್ತು ಕ್ಯಾಮೆರಾ ಎಲ್ಲರ ಕೈಯಲ್ಲೂ ಇದೆ. ಮಗು ಮೊದಲ ಹೆಜ್ಜೆ ಇಟ್ಟರೆ ಇಪ್ಪತ್ತು ಚಿತ್ರ, ಒಬ್ಬಟ್ಟು ಉಬ್ಬಿದರೆ ಹತ್ತು. ಹೊರೆ ಹೊರಬೇಕಿಲ್ಲ, ಪುಡಿ ಹೊತ್ತಿಸಬೇಕಿಲ್ಲ. ಬರೆದಿಡುವುದೊಂದನ್ನು ಮಾತ್ರ ಬಿಟ್ಟುಬಿಟ್ಟಿದ್ದೇವೆ. ಆದ್ದರಿಂದ ಮೇಷ್ಟ್ರ ಹೆಸರಿನಲ್ಲಿ ನಾಲ್ಕು ಸಲಹೆ ಕೊಡುತ್ತೇನೆ. ಮಧ್ಯಾಹ್ನ ಊಟದ ಪಾತ್ರೆ ಎತ್ತಿಟ್ಟ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಒಂದು: ಹಳೆಯ ಕಾಗದದ ಫೋಟೋಗಳ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಒತ್ತಿ ಬರೆದರೆ ಗೆರೆ ಮುಂದಿನ ಮುಖದ ಮೇಲೇ ಮೂಡುತ್ತದೆ. ಹಿಂಬದಿ ನುಣುಪಾಗಿದ್ದು ಪೆನ್ಸಿಲ್ ಹಿಡಿಯದಿದ್ದರೆ, ಫೋಟೋವನ್ನು ಕಾಗದದ ಲಕೋಟೆಯಲ್ಲಿಟ್ಟು ಲಕೋಟೆಯ ಮೇಲೆ ಬರೆಯಿರಿ. ಆದರೆ ಮೊದಲು ಬರೆದು, ಆಮೇಲೆ ಫೋಟೋ ಒಳಗಿಡಿ.

ಎರಡು: ಯಾರು, ಎಲ್ಲಿ, ಯಾವ ಇಸವಿ, ಏನು ಮಾಡುತ್ತಿದ್ದರು. ಈ ನಾಲ್ಕು ಸಾಕು. “ಅಜ್ಜಿ” ಎಂದಷ್ಟೇ ಬರೆಯಬೇಡಿ. ಯಾರ ಅಜ್ಜಿ? ಅವರಿಗೂ ಒಂದು ಹೆಸರಿತ್ತಲ್ಲ!

ಮೂರು: ಮನೆಯ ಹಿರಿಯರು ಇರುವಾಗಲೇ ಆಲ್ಬಮ್ ಅವರ ತೊಡೆಯ ಮೇಲಿಟ್ಟು ಕೇಳಿ. “ನಾಳೆ ಕೇಳಿದರಾಯಿತು” ಎಂದು ನಾಳೆ ನಾಳೆ ಎಂದು ಕಳೆದದ್ದು ಎಷ್ಟು ಮನೆಗಳಲ್ಲಿಲ್ಲ? ಆಲ್ಬಮ್ಮನ್ನು ಮಳೆಗಾಲದ ತೇವಕ್ಕೆ ಸಿಗದ ಕಡೆ ಇಡಿ, ಗೋಂದು ಹಚ್ಚಿ ಅಂಟಿಸಬೇಡಿ. ಮೊಬೈಲಿನ ಚಿತ್ರಗಳಲ್ಲಿ ವರ್ಷಕ್ಕೆ ಹತ್ತನ್ನಾದರೂ ಕಾಗದಕ್ಕೆ ಇಳಿಸಿ. ಫೋನು ಕೆಟ್ಟರೆ ಅದರೊಳಗಿನ ಹಬ್ಬಗಳೂ ಹೋದವೆಂದೇ ಲೆಕ್ಕ.

ನಾಲ್ಕನೆಯದು ನಿಮಗಾಗಿಯೇ. ಹಬ್ಬದ ದಿನದ ಚಿತ್ರ ನೋಡಿ. ಎಲೆಯ ಮುಂದೆ ಎಲ್ಲರೂ ಸಾಲಾಗಿ ಕುಳಿತು ನಗುತ್ತಿದ್ದಾರೆ. ಬೆಳಗಿನ ನಾಲ್ಕಕ್ಕೇ ಎದ್ದು ಅದನ್ನೆಲ್ಲ ಮಾಡಿದ ನೀವೆಲ್ಲಿ? ಒಂದೋ ಒಲೆಯ ಮುಂದೆ, ಇಲ್ಲವೇ ಫೋನು ಹಿಡಿದು ಚಿತ್ರದ ಈಚೆ. ದುಡಿಯುವ ಕೈಗಳೇ ಚಿತ್ರದಲ್ಲಿಲ್ಲ! ಮುಂದಿನ ಹಬ್ಬಕ್ಕೆ ಮಗಳ ಕೈಗೋ ಮಗನ ಕೈಗೋ ಫೋನು ಕೊಟ್ಟು, “ನಾನು ಹೋಳಿಗೆ ತಟ್ಟುವಾಗ ಒಂದು ತೆಗಿ” ಎನ್ನಿ. ತಲೆ ಕೆದರಿದ್ದರೂ ಸರಿ, ಸೆರಗಿಗೆ ಹಿಟ್ಟು ಮೆತ್ತಿದ್ದರೂ ಸರಿ. ಆಮೇಲೆ ಹಿಂದೆ ಬರೆಯಿರಿ. ಇಂಥವರು, ಇಂಥ ಊರು, ಇಂಥ ಇಸವಿ. ಇಷ್ಟು ಜನಕ್ಕೆ, ಇಷ್ಟು ಹೋಳಿಗೆ.

ತಂಬಿಗೆ ಹಿಡಿದ ಆ ಎರಡು ಜಡೆಯ ಹುಡುಗಿಯ ಹೆಸರು ಇನ್ನು ಸಿಗಲಾರದು. ಐವತ್ತು ವರ್ಷದ ಮೇಲೆ ಇನ್ಯಾರೋ ಒಬ್ಬಳು ಅಟ್ಟ ಗುಡಿಸುತ್ತಾ ನಿಮ್ಮ ಚಿತ್ರ ಕೈಗೆತ್ತಿಕೊಂಡಾಗ, ಹಿಂದೆ ತಿರುಗಿಸಿದರೆ ಅದು ಖಾಲಿ ಇರದಿರಲಿ.